ತಾಂಡೇಲರ ದೋಣಿಯಲ್ಲಿ ಆರನೆಯ ಜಾಗ

ಕಾರವಾರದ ಕೋಡಿಬಾಗದಲ್ಲಿ ಹೀರಾ ಹರಿಕಂತ್ರಳ ಗುರುತನ್ನು ಯಾರೂ ಹೇಳಬೇಕಾಗಿಲ್ಲ, ಅವಳ ಗಂಟಲೇ ಹೇಳುತ್ತದೆ. ಬೆಳಿಗ್ಗೆ ಎಂಟಕ್ಕೆ ಕಾಜುಬಾಗದ ಯಾವ ಓಣಿಯಲ್ಲಿ ನಿಂತರೂ ಸರಿ, ಮೊದಲು ದನಿ ಬರುತ್ತದೆ, ಆಮೇಲೆ ಮೀನಿನ ಬುಟ್ಟಿ, ಕೊನೆಗೆ ಬುಟ್ಟಿಯ ಕೆಳಗೆ ಹೀರಾ. "ಬಂಗಡೆ ಅದೆ, ನೊಗ್ಲಿ ಅದೆ! ಕಣ್ಣು ಬಿಟ್ಕಂಡು ನಿಮ್ಮನ್ನೇ ಕಾಣ್ತದೆ, ಹೊರಗೆ ಬನ್ನಿ!" ಅರವತ್ತಕ್ಕೆ ಇನ್ನೆರಡು ವರ್ಷ ಬಾಕಿ ಇದ್ದ ಹೆಂಗಸು. ಯಾರಾದರೂ ಚೌಕಾಸಿ ಜಾಸ್ತಿ ಮಾಡಿದರೆ, "ನಿಮ್ಮನೆ ಬೆಕ್ಕನ್ನ ಕಳ್ಸಿ ಅಮ್ಮಾ, ಅದಕ್ಕೆ ಮೀನಿನ ಬೆಲೆ ಗೊತ್ತು" ಎಂದು ಬುಟ್ಟಿ ಮುಚ್ಚಿ ಎದ್ದೇಬಿಡುತ್ತಿದ್ದಳು. ಮರುದಿನ ಅದೇ ಮನೆಯವರು ಬಾಗಿಲಲ್ಲಿ ಅವಳನ್ನೇ ಕಾಯುತ್ತಿದ್ದರು.

ಇಂಥ ಬಾಯಿಯವಳು ಒಂದು ವಿಷಯದಲ್ಲಿ ಮಾತ್ರ ಮೂವತ್ತನಾಲ್ಕು ವರ್ಷ ತುಟಿ ಪಿಟಕ್ಕೆನ್ನಲಿಲ್ಲ ಎಂದರೆ ಕೋಡಿಬಾಗದವರೇ ನಂಬಲಿಕ್ಕಿಲ್ಲ. ನಂಬದಿದ್ದರೆ ಬಿಡಲಿ, ನಡೆದದ್ದು ನಡೆದದ್ದೇ.

ಹೀರಾ ಹುಟ್ಟಿದ್ದು ಅಂಕೋಲೆಯ ಬೇಲೆಕೇರಿಯಲ್ಲಿ. ಅಪ್ಪನ ಪುಟ್ಟ ದೋಣಿಯಲ್ಲಿ ಹುಟ್ಟು ಹಾಕುತ್ತ ಬೆಳೆದ ಹುಡುಗಿ. ಹದಿನೆಂಟಕ್ಕೆ ಮದುವೆಯಾಗಿ ಕೋಡಿಬಾಗಕ್ಕೆ ಬಂದಾಗ ಗಂಡ ಹರಿಶ್ಚಂದ್ರ ಮಚವೆಯ ಮೇಲಿದ್ದ. ಮಚವೆ ಎಂದರೆ ಹಾಯಿ ಕಟ್ಟಿದ ದೊಡ್ಡ ಸರಕಿನ ದೋಣಿ. ಅದನ್ನು ನಡೆಸುವ ಮುಖ್ಯಸ್ಥನೇ ತಾಂಡೇಲ. ಹರಿಶ್ಚಂದ್ರ ಇಪ್ಪತ್ತೈದಕ್ಕೇ ತಾಂಡೇಲನಾಗಿದ್ದ. ಆ ಮನೆಯಲ್ಲಿ ಮಾವನ ಕಾಲದ ಕಟ್ಟುಗಳು ಎರಡಿದ್ದವು. ಮನೆಯ ಹೆಂಗಸು ಗಂಡನ ದೋಣಿಯನ್ನು ಮೆಟ್ಟಬಾರದು. ಗಂಡ ಹೊರಟಾಗ ಎಲ್ಲಿಗೆ ಎಂದು ಕೇಳಬಾರದು, ತಡವಾಗಿ ಬಂದರೆ ಯಾಕೆ ಎಂದು ಕೇಳಬಾರದು. ಕೇಳಿದರೆ ಗಾಳಿ ಮುನಿಸಿಕೊಳ್ಳುತ್ತದಂತೆ. ಮೂಗಿನ ತುದಿಯಲ್ಲಿ ಸಿಟ್ಟು ಇಟ್ಟುಕೊಂಡ ಆ ಗಾಳಿಯನ್ನೇ ಇವರು ಮದುವೆಯಾಗಬೇಕಿತ್ತು ಎಂದು ಹೀರಾ ಮನಸ್ಸಿನಲ್ಲಿ ಅಂದುಕೊಂಡಳು. ದೋಣಿಗೆ ಮಾತ್ರ ಬಾಯಿಬಿಟ್ಟೇ 'ನನ್ನ ಸವತಿ' ಎಂದು ಹೆಸರಿಟ್ಟಳು.

ಎಪ್ಪತ್ನಾಲ್ಕರ ಚಳಿಗಾಲದಲ್ಲಿ ಹರಿಶ್ಚಂದ್ರ ಕಟ್ಟಿಗೆ ತುಂಬಿಕೊಂಡು ರತ್ನಾಗಿರಿಗೆ ಹೋಗಿದ್ದ. ಅವನು ಮರಳಬೇಕಾದ ದಿನವೇ ಮೊದಲ ಮಗು ಗುಲಾಬಿಗೆ ಜ್ವರ ಬಂತು. ಎರಡೂವರೆ ವರ್ಷದ ಕೂಸು. ಗಂಟಲು ಕಟ್ಟಿತು, ಆಸ್ಪತ್ರೆಗೂ ಹೊತ್ತುಕೊಂಡು ಹೋದರು, ಐದನೆಯ ದಿನ ಹೋಗಿಯೇಬಿಟ್ಟಿತು. ಮಚವೆ ಬಂದದ್ದು ಬರಬೇಕಾದ ದಿನಕ್ಕಿಂತ ಹತ್ತೊಂಬತ್ತು ದಿನ ತಡವಾಗಿ. ವೆಂಗುರ್ಲೆಯ ಆಚೆ ಗಾಳಿ ಬಿದ್ದುಹೋಗಿತ್ತು, ನೀರು ಅಲ್ಲಾಡಲಿಲ್ಲ ಎಂದು ಜೊತೆಯ ಖಲಾಸಿಗಳು ಊರಿಗೆಲ್ಲ ಹೇಳಿದರು. ಹರಿಶ್ಚಂದ್ರ ಏನೂ ಹೇಳಲಿಲ್ಲ. ಅಂಗಳದಲ್ಲಿ ಗೋಡೆಗೆ ಒರಗಿ ಕೂತ, ಮೂರು ದಿನ ಅನ್ನ ಮುಟ್ಟಲಿಲ್ಲ, ನಾಲ್ಕನೆಯ ದಿನ ಹರಿದ ಬಲೆ ಹೆಣೆಯಲು ಹಿಡಿದ. ಹೀರಾ ಕೇಳಲಿಲ್ಲ. ಕೇಳಬಾರದಲ್ಲ! ಎಲ್ಲಿದ್ದಿರಿ ಆ ಹತ್ತೊಂಬತ್ತು ದಿನ, ನನಗೆ ನೀವು ಬೇಕಾಗಿದ್ದಾಗ ಎಲ್ಲಿದ್ದಿರಿ ಎಂಬ ಮಾತು ಅವಳ ಗಂಟಲಲ್ಲೇ ನಿಂತಿತು. ಬೈದದ್ದೆಲ್ಲ ಗಾಳಿಗೆ. ಸೆಕೆಗಾಲದ ಮಧ್ಯಾಹ್ನ ಎಲೆ ಅಲ್ಲಾಡದಿದ್ದರೆ ಸಾಕು, "ಹಾಳು ಗಾಳಿ, ನಿನ್ನ ವಂಶ ಇಲ್ಲದೆ ಹೋಗ" ಎಂದು ಶಾಪ ಹಾಕುವುದು ಅವಳಿಗೆ ರೂಢಿಯಾಯಿತು.

ಆಮೇಲೆ ಇಬ್ಬರು ಗಂಡುಮಕ್ಕಳಾದರು, ದೊಡ್ಡವರಾದರು, ಬೈತಕೋಲ ಬಂದರಿನಲ್ಲಿ ಯಂತ್ರದ ಬೋಟುಗಳಿಗೆ ಸೇರಿಕೊಂಡರು. ಲಾರಿಗಳು ಬಂದು ಮಚವೆಗಳನ್ನು ನುಂಗಿದವು. ಹರಿಶ್ಚಂದ್ರ ಒಂದು ಚಿಕ್ಕ ಹಾಯಿದೋಣಿ ಇಟ್ಟುಕೊಂಡು ಕಾಳಿ ನದಿಯ ಬಾಯಲ್ಲಿ ಮೀನು ಹಿಡಿಯುತ್ತಿದ್ದ. ಎರಡು ಸಾವಿರದ ಆರರ ಹೊತ್ತಿಗೆ ಅವನ ತಂಗಿಯ ಮಗ ನಿತೇಶನಿಗೆ ಒಂದು ಯೋಚನೆ ಬಂತು. ಪೇಟೆಯಲ್ಲಿ ಮೊಬೈಲಿಗೆ ಕರೆನ್ಸಿ ಹಾಕುವ ಅಂಗಡಿ ಅವನದು, ಪರವೂರಿನ ಜನರ ಪರಿಚಯ ಜಾಸ್ತಿ. "ಮಾವ, ಸಂಜೆ ಆರು ಜನರನ್ನ ಕೂರ್ಸಿ ಸೂರ್ಯ ಮುಳಗೂದು ತೋರ್ಸು" ಎಂದ. ಹರಿಶ್ಚಂದ್ರ ಬಾಯಿ ಬಿಟ್ಟು ಕೇಳಿದ: "ಮುಳಗೂದನ್ನ ಕಾಣೂಕೆ ಜನ ಬತ್ರಾ? ದಿನಾ ಮುಳಗ್ತದಲ್ಲೋ!" ಬಂದರು. ಮೊದಲ ದಿನ ಅಭ್ಯಾಸಬಲದಿಂದ ಅವನು ಪಶ್ಚಿಮದ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ನದಿಯ ಮೇಲಕ್ಕೇ ದೋಣಿ ಓಡಿಸಿದ. ನಲವತ್ತು ವರ್ಷ ಸಂಜೆ ಮನೆಗೆ ಮರಳಿದ್ದೇ ಹಾಗೆ, ಸೂರ್ಯನನ್ನು ಹಿಂದೆ ಬಿಟ್ಟು. ಪಾಪ, ಆರೂ ಜನ ಕತ್ತು ತಿರುಗಿಸಿ ತಿರುಗಿಸಿ ನೋಡಿ ಕುತ್ತಿಗೆ ನೋವು ತಂದುಕೊಂಡರು.

ಎರಡು ವರ್ಷದಲ್ಲಿ ಹೆಸರಾಯಿತು. ಹೆಸರಾದದ್ದು ಬರಿಯ ಸೂರ್ಯನಿಂದಲ್ಲ ಎಂಬುದು ಹೀರಾಳಿಗೆ ಗೊತ್ತಾದದ್ದು ನಿತೇಶನ ಬಾಯಿಂದಲೇ. ಜನವರಿಯ ಒಂದು ಮಧ್ಯಾಹ್ನ ಅವಳು ಜಗುಲಿಯಲ್ಲಿ ಶೆಟ್ಲಿಯ, ಅಂದರೆ ಸೀಗಡಿಯ, ಸಿಪ್ಪೆ ಬಿಡಿಸುತ್ತಿದ್ದಾಗ ಅವನು ಬಂದು ಕೂತ.

"ಅತ್ತೆ, ಮಾವ ದೋಣಿಲಿ ಎಂಥ ಕತೆ ಹೇಳ್ತಾರೆ ಗೊತ್ತಾ? ಗಾಳಿ ಬಿದ್ದು ಹತ್ತೊಂಬತ್ತು ದಿನ ನಡುನೀರಿನಲ್ಲಿ ಕೂತ ಕತೆ. ಜನ ನಕ್ಕು ನಕ್ಕು ಸಾಯ್ತ್ರು."

ಹೀರಾಳ ಕೈ ನಿಂತಿತು. "ನಗ್ತ್ರಾ?"

"ಮತ್ತೆಂತ! ಅದನ್ನ ಕೇಳೂಕೇ ಎರಡನೇ ಸಲ ಬಂದವರು ಇದ್ದಾರೆ. ಇವತ್ತು ಐದೇ ಜನ, ಒಂದು ಜಾಗ ಖಾಲಿ. ಹೋಗ್ಲಿ ಬಿಡು." ಗುಲಾಬಿ ಎಂಬ ಕೂಸು ಇತ್ತೆಂಬುದೂ ಆ ಹುಡುಗನಿಗೆ ಗೊತ್ತಿರಲಿಲ್ಲ.

ಹೀರಾಳ ಮೈಯೆಲ್ಲ ಬೆಂಕಿಯಾಯಿತು. ಹೆಂಡತಿಗೆ ಒಂದೇ ಒಂದು ದಿನ ಬಿಚ್ಚದ ಬಾಯಿ, ಹುಬ್ಬಳ್ಳಿಯವರಿಗೆ, ಬೆಳಗಾವಿಯವರಿಗೆ, ಹೆಸರೂ ಗೊತ್ತಿಲ್ಲದವರಿಗೆ ಬಿಚ್ಚುತ್ತದೆ! ಅದೂ ನಗುವ ಹಾಗೆ! ಅವಳು ಶೆಟ್ಲಿಯನ್ನು ಅರ್ಧಕ್ಕೇ ಮುಚ್ಚಿಟ್ಟು ಬಾವಿಕಟ್ಟೆಗೆ ಹೋಗಿ ಸಾಬೂನು ಹಾಕಿ ಕೈ ತಿಕ್ಕಿದಳು. ಪೆಟ್ಟಿಗೆಯಿಂದ ಹಸಿರು ಸೀರೆ ತೆಗೆದು ಉಟ್ಟಳು. ಐದು ಗಂಟೆಗೆ ನದಿಯ ದಂಡೆಗೆ ಹೋದಾಗ ಐದು ಜನ ಆಗಲೇ ದೋಣಿಯಲ್ಲಿ ಕೂತಿದ್ದರು: ಹುಬ್ಬಳ್ಳಿಯ ಒಬ್ಬ ಮೇಷ್ಟ್ರು, ಅವರ ಹೆಂಡತಿ, ಕಾಲೇಜು ಓದುವ ಮಗಳು ಚಂದನಾ, ಮತ್ತೆ ಬೆಳಗಾವಿಯ ಹೊಸ ಗಂಡಹೆಂಡತಿ. ಹರಿಶ್ಚಂದ್ರ ಮೊಣಕಾಲು ಮಟ್ಟ ನೀರಲ್ಲಿ ನಿಂತು ದೋಣಿ ಹಿಡಿದಿದ್ದ. ಹೀರಾ ನಿತೇಶನ ಕೈಗೆ ನೂರರ ನೋಟು ತುರುಕಿ ಸೀರೆ ಎತ್ತಿ ಹಿಡಿದು ನೀರಿಗಿಳಿದಳು.

"ಏ, ನೀನು ಎಲ್ಲಿಗೆ?" ಹರಿಶ್ಚಂದ್ರ ಪಿಸುಗುಟ್ಟಿದ.

"ಎಲ್ಲಿಗೆ ಅಂತ ಕೇಳ್ಬಾರದು, ಗಾಳಿಗೆ ಸಿಟ್ಟು ಬತ್ತದೆ" ಎಂದು ಅವಳೂ ಪಿಸುಗುಟ್ಟಿದಳು. "ಮತ್ತೆ ನೀನು ಗೀನು ಎಂತ? ದುಡ್ಡು ಕೊಟ್ಟು ಬಂದವರ ಹತ್ರ ಹಿಂಗಾ ಮಾತಾಡೂದು?"

"ಹೀರಾ, ಮನೆ ಹೆಂಗ್ಸು ದೋಣಿ ಮೆಟ್ಟಬಾರದು ಅಂತ ಅಪ್ಪ..."

"ಮನೆ ಹೆಂಗ್ಸು ಮನೆಲಿ ಅದಾಳೆ, ಶೆಟ್ಲಿ ಬಿಡಿಸ್ತಾ. ನಾನು ಪ್ರಯಾಣಿಕಳು. ಪ್ರಯಾಣಿಕರು ಮೆಟ್ಟಬಾರದು ಅಂತ ನಿಮ್ಮ ಅಪ್ಪ ಹೇಳಿದ್ರಾ?"

ಮೇಲಿಂದ ಹುಬ್ಬಳ್ಳಿಯ ಮೇಷ್ಟ್ರು, "ಅಜ್ಜಾರ, ಹೊತ್ತಾತ್ರಿ" ಎಂದು ಕೂಗಿದರು. ಹರಿಶ್ಚಂದ್ರ ಒಮ್ಮೆ ಆಕಾಶ ನೋಡಿದ, ಒಮ್ಮೆ ಹೆಂಡತಿಯ ಮುಖ ನೋಡಿದ. ಆಮೇಲೆ, "ಬನ್ನಿ ಅಮ್ಮಾ, ನಿಧಾನಕ್ಕೆ ಹತ್ತಿ" ಎಂದ. ನಲವತ್ತು ವರ್ಷದ ಸಂಸಾರದಲ್ಲಿ ಅವನು ಅವಳಿಗೆ ಬನ್ನಿ ಎಂದದ್ದು ಅದೇ ಮೊದಲು.

ಇಳಿತದ ನೀರು ಸಮುದ್ರದ ಕಡೆಗೆ ಎಳೆಯುತ್ತಿತ್ತು, ಗಾಳಿ ಸಮುದ್ರದಿಂದ ಎದುರಿಗೆ ಬರುತ್ತಿತ್ತು. ಮೂರು ಮೂಲೆಯ ಹಾಯಿ ಏರಿತು, ಒಮ್ಮೆ ಬಡಿದುಕೊಂಡಿತು, ಹೊಟ್ಟೆ ತುಂಬಿಕೊಂಡು ಸುಮ್ಮನಾಯಿತು. ಎದುರುಗಾಳಿಯಾದ್ದರಿಂದ ದೋಣಿ ನೇರ ಹೋಗುವಂತಿಲ್ಲ. ಸದಾಶಿವಗಡದ ಗುಡ್ಡದ ಕಡೆಗೊಮ್ಮೆ, ಕೋಡಿಬಾಗದ ಗಾಳಿಮರಗಳ ಕಡೆಗೊಮ್ಮೆ ಓರೆಯಾಗಿ ಹೊರಳುತ್ತ ಸೂರ್ಯನತ್ತ ಸಾಗಬೇಕು. ಪ್ರತಿ ಹೊರಳಿಗೂ ಹರಿಶ್ಚಂದ್ರ "ತಲೆ ಬಗ್ಗಿಸಿ" ಎನ್ನುತ್ತಿದ್ದ. ಎಲ್ಲರೂ ಬಗ್ಗುತ್ತಿದ್ದರು, ಹಾಯಿ ತಲೆಯ ಮೇಲೆ ದಾಟುತ್ತಿತ್ತು, ಎಲ್ಲರೂ ನಗುತ್ತಿದ್ದರು. ಎಂಜಿನ್ನಿನ ಸದ್ದಿಲ್ಲ, ಹೊಗೆಯ ವಾಸನೆಯಿಲ್ಲ. ದೋಣಿಯ ಅಡಿಯಲ್ಲಿ ನೀರು ತನ್ನಷ್ಟಕ್ಕೆ ಏನೋ ಹೇಳಿಕೊಳ್ಳುತ್ತಿತ್ತು.

ಹೀರಾ ಜಗಳಕ್ಕೆ ಸಿದ್ಧಳಾಗಿಯೇ ಹತ್ತಿದವಳು. ಆದರೆ ನಾಲ್ಕು ಹೊರಳಾಗುವಷ್ಟರಲ್ಲಿ ಜಗಳ ಎಲ್ಲೋ ಸಡಿಲವಾಯಿತು. ದಂಡೆಯ ಮೇಲೆ ತನ್ನ ಮನೆ ಕಂಡಿತು. ಹೆಂಚಿನ ಮಾಡು, ಹಗ್ಗದ ಮೇಲೆ ಒಣಗಿದ ಸೀರೆ. ಅಯ್ಯೋ, ಎಷ್ಟು ಚಿಕ್ಕದು! ಅಷ್ಟು ಗೋಳು, ಅಷ್ಟು ಕೂಗಾಟ, ಬಾಣಂತನ, ಮದುವೆ ಎಲ್ಲ ಇಷ್ಟರೊಳಗೇ ಹಿಡಿಸಿತೇ? ನೀರಿನ ಬಣ್ಣ ಮೊದಲು ಅರಿಶಿನದ್ದಾಯಿತು, ಆಮೇಲೆ ಕುಂಕುಮದ್ದು. ದೂರದಲ್ಲಿ ಸೇತುವೆಯ ಮೇಲೆ ಗೋವೆಗೆ ಹೋಗುವ ಬಸ್ಸೊಂದು ಸದ್ದಿಲ್ಲದೆ ದಾಟಿತು. ಹೊಸ ಹೆಂಡತಿ ಗಂಡನ ಭುಜಕ್ಕೆ ತಲೆ ಇಟ್ಟಿದ್ದಳು. ಇದನ್ನೆಲ್ಲ ಇವರು ದಿನಾ ನೋಡುತ್ತಿದ್ದರಲ್ಲ, ನನ್ನನ್ನು ಒಮ್ಮೆಯೂ ಕರೆಯಲಿಲ್ಲವಲ್ಲ ಎಂದು ಹೀರಾಳಿಗೆ ಹೊಟ್ಟೆಕಿಚ್ಚಾಯಿತು. ಚುಕ್ಕಾಣಿ ಹಿಡಿದು ಕೂತ ಗಂಡನನ್ನು ಕದ್ದು ನೋಡಿದಳು. ಮನೆಯಲ್ಲಿ ಬೆನ್ನು ಬಾಗಿಸಿ ಓಡಾಡುವ ಮುದುಕ ಇಲ್ಲಿ ನೆಟ್ಟಗೆ ಕೂತಿದ್ದ. ಮದುವೆಯ ಚಪ್ಪರದಲ್ಲಿ ಕಂಡ ಗಂಡಸು ಇವನೇ ಎಂದು ಅವಳಿಗೆ ಗುರುತು ಹತ್ತಿತು.

ನದಿ ಸಮುದ್ರ ಸೇರುವಲ್ಲಿ, ಸೂರ್ಯನ ಕೆಳಂಚು ನೀರಿಗೆ ತಾಗುವ ಹೊತ್ತಿಗೆ, ಗಾಳಿ ಬಿತ್ತು. ಹಾಯಿ ಜೋತುಬಿತ್ತು. ಇಳಿತವೂ ಮುಗಿದಿತ್ತು. ದೋಣಿ ಇದ್ದಲ್ಲೇ ನಿಂತಿತು, ಸುತ್ತ ಕೆಂಪು ನೀರು.

"ಗಾಳಿ ಮತ್ತ ಬರೂದಽ ಇಲ್ಲ ಅಂದ್ರ ಏನ್ ಮಾಡ್ತೀರಿ ಅಜ್ಜಾರ?" ಚಂದನಾ ಕೇಳಿದಳು.

"ಕಾಯೂದು. ನಾವು ಹತ್ತೊಂಬತ್ತು ದಿನ ಕಾದವರು, ಮಗಾ."

ದಿನಾ ಹೇಳಿ ಹೇಳಿ ನಾಲಿಗೆಗೆ ಹತ್ತಿದ ಮಾತು, ತಾನಾಗಿ ಹೊರಬಿತ್ತು. ಬಿದ್ದ ಮೇಲೆ ಹರಿಶ್ಚಂದ್ರನಿಗೆ ಎಚ್ಚರವಾಯಿತು. ಅವನು ಹೀರಾಳ ಕಡೆ ನೋಡಿದ. "ಹೇಳ್ರಿ ಅಜ್ಜಾರ, ಹೇಳ್ರಿ" ಎಂದು ಎಲ್ಲರೂ ಬೆನ್ನು ಹತ್ತಿದರು. "ಹೇಳಿ ತಾಂಡೇಲರೇ, ನಾವೂ ಕೇಳ್ತೆವು" ಎಂದಳು ಹೀರಾ.

ಅವನು ಹೇಳಿದ. ಮರಳುವಾಗ ಈರುಳ್ಳಿ ತುಂಬಿದ ಮಚವೆ, ಕನ್ನಡಿಯಂಥ ಸಮುದ್ರ, ತಲೆಗೆ ಎರಡು ಲೋಟ ಕುಡಿಯುವ ನೀರು. ಮೂರು ಹೊತ್ತೂ ಈರುಳ್ಳಿಯ ಸಾರು. ಅಡುಗೆ ಮಾಡುವ ಖಲಾಸಿ ಜಟ್ಟು ಗಾಳಿಗೆ ಹರಕೆ ಹೊತ್ತು ಅರ್ಧ ಮೀಸೆ ಬೋಳಿಸಿಕೊಂಡ. ಉಳಿದರ್ಧ ಗಾಳಿ ಬಂದ ಮೇಲೆ ಕೊಡುತ್ತೇನೆ ಎಂದನಂತೆ. ದೋಣಿಯಲ್ಲಿ ನಗೆ ಎದ್ದಿತು. ಹೀರಾಳೂ ನಕ್ಕಳು. ಆ ಜಟ್ಟುವಿನ ಬೋಳು ಮೂತಿ ಅವಳಿಗೂ ನೆನಪಿತ್ತು. ನಕ್ಕ ಮರುಗಳಿಗೆಯೇ ದಿನಗಳ ಲೆಕ್ಕ ಹಾಕಿದಳು. ಇವರು ಮೀಸೆ ಬೋಳಿಸಿಕೊಳ್ಳುತ್ತಿದ್ದಾಗ ತಾನು ಕೂಸಿನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು.

"ತಾಂಡೇಲರೇ, ಒಂದು ಮಾತು ಕೇಳ್ತೆ. ಬೇಜಾರು ಮಾಡ್ಕಬ್ಯಾಡಿ." ಅವಳ ದನಿ ಅವಳದೇ ಅನ್ನಿಸಲಿಲ್ಲ, ಅಷ್ಟು ಮೆತ್ತಗಿತ್ತು. "ಆಗ ಮನೆಲಿ ಎಲ್ರೂ ಹುಷಾರಾಗಿದ್ರಾ?"

ಹರಿಶ್ಚಂದ್ರ ಚುಕ್ಕಾಣಿಯ ಮೇಲಿಂದ ಕೈ ತೆಗೆದ. "ಇಲ್ಲ ಅಮ್ಮಾ" ಎಂದ. "ಒಂದು ಹೆಣ್ಣು ಕೂಸಿತ್ತು. ನಾ ಬರೂದ್ರೊಳಗೆ ಹೋಯ್ತು."

"ಅಯ್ಯ ಶಿವನ!" ಎಂದರು ಮೇಷ್ಟ್ರ ಹೆಂಡತಿ. "ಹಾಳ ಗಾಳಿ ಎಂಥಾ ಕೆಲಸ ಮಾಡ್ತು ನೋಡ್ರಿ."

ಅಲ್ಲಿಗೆ ನಿಲ್ಲಿಸಬಹುದಿತ್ತು. ಹೀರಾಳೂ ಇಷ್ಟನ್ನೇ ನಂಬಿಕೊಂಡು ಬಂದವಳು. ಅವನ ಬಾಯಿಂದ ಇಷ್ಟು ಬಂದರೆ ಸಾಕಿತ್ತು. ಆದರೆ ಹರಿಶ್ಚಂದ್ರ ತಲೆ ಅಲ್ಲಾಡಿಸಿದ.

"ಗಾಳಿದು ತಪ್ಪಿಲ್ಲ. ಒಂಬತ್ತು ದಿನ ಗಾಳಿ ಇರ್ಲಿಲ್ಲ, ನಿಜ. ಹತ್ತನೇ ದಿನ ಬಂತು. ವೆಂಗುರ್ಲೆ ಬಂದರಿಗೆ ಹೋದೆವು. ಅಲ್ಲಿ ನಮ್ಮೂರ ಮಚವೆಯವನೊಬ್ಬ ಸಿಕ್ಕಿ ಹೇಳ್ದ, ನಿನ್ನ ಕೂಸು ಹೋಯ್ತು ಅಂತ. ಅಲ್ಲಿಂದ ಮನೆಗೆ ಒಂದೂವರೆ ದಿನದ ದಾರಿ. ಗಾಳಿ ಬೇಕಾದಷ್ಟಿತ್ತು. ನಾನು ಲಂಗರು ಎತ್ತಲಿಲ್ಲ."

"ಯಾಕ್ರಿ?" ಚಂದನಾ ಕೇಳಿದಳು.

"ಹೆದರ್ಕಂಡೆ, ಮಗಾ. ಅವಳ ಮುಖ ಹ್ಯಾಂಗೆ ಕಾಣೂದು? ನಾನು ಮನೆ ಮೆಟ್ಟಲು ಹತ್ತೂ ತನಕ ಕೂಸು ಅಂಗಳದಲ್ಲಿ ಆಡ್ತಾನೇ ಅದೆ, ಹತ್ತಿದ ಮೇಲೆ ಸತ್ತಂಗೆ, ಹಂಗೆ ಆಗಿಹೋಗಿತ್ತು ನನ್ನ ತಲೆಲಿ. ಇವತ್ತು ಬ್ಯಾಡ, ನಾಳೆ ಹೋಪ ಅಂತ ಹತ್ತು ದಿನ ಕೂತೆ. ಖಲಾಸಿಗಳಿಗೆ ಕೈ ಮುಗ್ದೆ, ಗಾಳಿ ಇರ್ಲಿಲ್ಲ ಅಂತ ಹೇಳಿ ಅಂದೆ. ಆ ಸುಳ್ಳು ಹೇಳ್ಕಂಡೇ ಬಂದೆ. ಇಲ್ಲಿ ದಿನಾ ನಗಿಸ್ತೆ. ನಗಿಸಿದ್ರೆ ಅದು ಕತೆ ಆಗ್ತದೆ, ನಂದಲ್ಲ ಅನ್ನಿಸ್ತದೆ."

ಸೂರ್ಯ ಪೂರ್ತಿ ಇಳಿದಿದ್ದ. ಯಾರೂ ಅತ್ತ ನೋಡಿರಲಿಲ್ಲ.

ಹೀರಾಳಿಗೆ ಎದ್ದು ನಿಂತು ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಹತ್ತು ದಿನ! ಆ ಹತ್ತು ಸಂಜೆಯೂ ಅವಳು ಇದೇ ನದಿಯ ಬಾಯಿಗೆ ಬಂದು ಹಿಡಿ ಅಕ್ಕಿ ಎರಚಿ, ಗಾಳಿಯಪ್ಪಾ ಬಾರೋ, ನನ್ನ ಗಂಡನನ್ನಾದರೂ ಕೊಡೋ ಎಂದು ಗೋಗರೆದಿದ್ದಳು. ಗಾಳಿ ಅವಳ ಸೆರಗು ಹಾರಿಸುತ್ತಲೇ ಇತ್ತು, ಅವಳಿಗೆ ತಿಳಿಯಲಿಲ್ಲ. ಇಷ್ಟು ವರ್ಷ ಬಾಯಿಗೆ ಬಂದಂತೆ ಬೈಸಿಕೊಂಡ ಆ ಗಾಳಿಯದು ಏನು ತಪ್ಪಿತ್ತು?

"ಆ ಹತ್ತು ದಿನ ನಿಮ್ಮ ಹೆಂಡ್ತಿ ಎಂತ ಮಾಡ್ತಿದ್ಳು, ಗೊತ್ತಾ ತಾಂಡೇಲರೇ?" ಅವಳು ಅವನ ಮುಖವನ್ನೇ ನೋಡುತ್ತ ಕೇಳಿದಳು. "ಕೂಸಿನ ಜೊತೆಗೆ ಗಂಡನೂ ಹೋದ ಅಂತ ಊರವರು ಅಂದ್ರು. ಬಳೆ ತೆಗಿಯೂದಾ ಬ್ಯಾಡ್ವಾ ಅಂತ ಅವಳತ್ತೆ ಭಟ್ಟರ ಹತ್ರ ಕೇಳೂಕೆ ಹೋಗಿದ್ರು. ಇಪ್ಪತ್ನಾಲ್ಕು ವರ್ಷದ ಹುಡುಗಿ, ಎರಡೂ ಕೈ ಮಡಿಲಲ್ಲಿ ಇಟ್ಕಂಡು ಕೂತಿದ್ಳು."

"ಗೊತ್ತಿರ್ಲಿಲ್ಲ" ಎಂದ ಹರಿಶ್ಚಂದ್ರ. ಮುದುಕ ತೋಳಿನಿಂದ ಮುಖ ಮುಚ್ಚಿಕೊಂಡು ಅತ್ತ. "ದೇವರಾಣೆ ಗೊತ್ತಿರ್ಲಿಲ್ಲ. ಅವಳು ಹೇಳ್ಲಿಲ್ಲ."

"ನೀವು ಕೇಳಿದ್ರಾ?"

ಅವನು ಕೇಳಿರಲಿಲ್ಲ. ಕೇಳಬಾರದೆಂಬ ಕಟ್ಟು ಹೆಂಗಸಿಗೆ ಮಾತ್ರ ಇದ್ದದ್ದು. ಗಂಡಸನ್ನು ಯಾರು ಕಟ್ಟಿಹಾಕಿದ್ದರು?

ಮೇಷ್ಟ್ರ ಹೆಂಡತಿ ಕಣ್ಣೊರೆಸಿಕೊಂಡು, "ಹೋಗ್ಲಿ ಬಿಡ್ರಿ ಯಜಮಾನ್ರ, ಇಷ್ಟ ದಿನ ಕೂಡಿ ಬಾಳ್ವೆ ಮಾಡ್ಯಾರಂದ್ರ ನಿಮ್ಮ ಮನಿಯವರದು ದೊಡ್ಡ ಮನಸ್ಸು" ಎಂದರು.

"ದೊಡ್ಡ ಮನಸ್ಸಾ!" ಎಂದಳು ಹೀರಾ. "ಅವಳ ಬಾಯಿ ನೀವು ಕೇಳಿಲ್ಲ ಅಮ್ಮಾ." ಹೇಳಿದವಳೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಚಂದನಾ ಮಾತ್ರ ಒಮ್ಮೆ ಇವಳನ್ನು, ಒಮ್ಮೆ ಅವನನ್ನು ನೋಡಿ, ಏನೂ ಕೇಳದೆ ಜರುಗಿ ಹೀರಾಳ ಪಕ್ಕಕ್ಕೆ ಬಂದು ಕೂತಳು.

ಗಾಳಿ ಮತ್ತೆ ಬರಲಿಲ್ಲ. ಹರಿಶ್ಚಂದ್ರ ಹಾಯಿ ಇಳಿಸಿ ಹುಟ್ಟು ಹಾಕಿದ. ನೀರು ಬೂದಿಬಣ್ಣಕ್ಕೆ ತಿರುಗಿತ್ತು, ಮೇಲೆ ಆಕಾಶದಲ್ಲಿ ಇನ್ನೂ ಸ್ವಲ್ಪ ಕೆಂಪು ಉಳಿದಿತ್ತು. ಉಬ್ಬರ ಮೆಲ್ಲಗೆ ಒಳಕ್ಕೆ ತಳ್ಳತೊಡಗಿತ್ತು, ದೋಣಿ ಹೋದದ್ದೇ ತಿಳಿಯದ ಹಾಗೆ ಹೋಗುತ್ತಿತ್ತು. ಗುಡ್ಡದ ಮೇಲೆ ಒಂದೊಂದೇ ದೀಪ ಹತ್ತಿತು. ಹುಟ್ಟು ನೀರಿಗೆ ಬೀಳುವ ಸದ್ದು, ಹನಿಗಳು ಉದುರುವ ಸದ್ದು, ಮತ್ತೆ ಹುಟ್ಟು. ಸಿಟ್ಟು ಹೀರಾಳ ಎದೆಯಲ್ಲೇ ಇತ್ತು, ಹೋಗಿರಲಿಲ್ಲ. ಆದರೆ ಇಷ್ಟು ವರ್ಷ ಒಬ್ಬಳೇ ಹೊತ್ತ ಬುಟ್ಟಿಗೆ ಇನ್ನೊಂದು ಕೈ ಕೊಟ್ಟಂತೆ ಹಗುರವೂ ಆಗಿತ್ತು. ಎರಡೂ ಒಟ್ಟಿಗೇ ಇರಬಹುದೆಂದು ಅವಳಿಗೆ ಗೊತ್ತಿರಲಿಲ್ಲ.

ದಂಡೆಯಲ್ಲಿ ನಿತೇಶ ಬ್ಯಾಟರಿ ಹಿಡಿದು ನಿಂತಿದ್ದ. ಹರಿಶ್ಚಂದ್ರ ನೀರಿಗಿಳಿದು ಒಬ್ಬೊಬ್ಬರಿಗೇ ಕೈಕೊಟ್ಟು ಇಳಿಸಿದ. ಕೊನೆಗೆ ಹೀರಾ ಉಳಿದಳು. ಕೈ ನೀಡಲೋ ಬೇಡವೋ ಎಂದು ಅವನು ತಡೆದ, ಆಮೇಲೆ ನೀಡಿದ. ಅವಳು ಹಿಡಿದು ಇಳಿದಳು. ಮೊಣಕಾಲು ನೀರಿನಲ್ಲಿ ನಿಂತುಕೊಂಡೇ ಕೂಗಿದಳು: "ನಿತೇಶಾ, ನಾಳೆಗೂ ಒಂದು ಜಾಗ ಇಡು."

ಹರಿಶ್ಚಂದ್ರ ಗಾಬರಿಯಾದ. "ನಾಳೆನೂ ಬತ್ರಾ?"

"ಬತ್ತೆ. ಇವತ್ತು ನಿಮ್ಮ ಹತ್ತೊಂಬತ್ತು ದಿನ ನಾ ಕೇಳ್ದೆ. ನಾಳೆ ನಂದು ನೀವು ಕೇಳ್ಬೇಕು." "ಕೂಸು ಕಡೆಗೆ ಯಾರನ್ನ ಕರೀತು ಅಂತ ಇಷ್ಟು ವರ್ಷ ಒಬ್ರೂ ನನ್ನ ಕೇಳ್ಲಿಲ್ಲ."

ಹರಿಶ್ಚಂದ್ರ ಅವಳ ಕೈ ಬಿಟ್ಟಿರಲಿಲ್ಲ. ದಂಡೆಯ ಮೇಲೆ ಅಷ್ಟು ಜನ ನೋಡುತ್ತಿದ್ದರೂ ಬಿಡಲಿಲ್ಲ.

"ಬನ್ನಿ" ಎಂದ. "ನಾ ಕೇಳ್ತೆ."